ಚಿಗಟದ ಒಡಲಲ್ಲಿ ಎಷ್ಟು ರೋಗಾಣು?

ಮಳೆ ಹಿಂದೆಗೆದು, ಕೃಷ್ಣೆಯ ಪ್ರವಾಹ ಇಳಿಮುಖವಾಗಿ, ಹಿಂಗಾರಿ ಜೋಳದ ಬಿತ್ತನೆಗೆ ಎರೆಹೊಲಗಳು ಹದಗೊಳ್ಳುತ್ತಿದ್ದ ದಿನಗಳಲ್ಲಿ, ಇಪ್ಪತ್ತನೆಯ ಶತಮಾನದ ಆದಿಭಾಗದ ರಾಯಬಾಗ, ಕುಡಚಿ, ಅಥಣಿ ಸೀಮೆಯ ಹಳ್ಳಿಗಳಲ್ಲಿ ಹೆಂಗಸರು ಮುಂಜಾನೆ ಅಂಗಳ ಗುಡಿಸುತ್ತ ನೆರೆಮನೆಯವರನ್ನು ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: “ಯಕ್ಕಾ, ನಿಮ್ಮ ಮನ್ಯಾಗೇನರ ಇಲಿ ಬಿದ್ದಾವೇನ?” ಮಾಳಿಗೆಯ ಜಂತೆಯ ಸಂದಿನಲ್ಲೋ ಹಗೇವಿನ ಬಾಯಿಯ ಬಳಿಯಲ್ಲೋ ಅಡಗಿರಬೇಕಾದ ಇಲಿಯು ಹಾಡುಹಗಲಿನಲ್ಲಿ ತೂರಾಡುತ್ತ ಹೊರಬಂದು ಬಿದ್ದು ಸತ್ತಿತೆಂದರೆ, ಸಂಜೆಯೊಳಗಾಗಿ ಆ ಓಣಿಯ ಚಕ್ಕಡಿಗಳು ಹಾಸಿಗೆ, ಪಾತ್ರೆ, ಮಕ್ಕಳು, ಮುದುಕರನ್ನು ಹೇರಿಕೊಂಡು ಹೊಲದ ಹಾದಿ ಹಿಡಿಯುತ್ತಿದ್ದುವು, ಕಣಿಕೆಯನ್ನೋ ಕಬ್ಬಿನ ರವದಿಯನ್ನೋ ಹೊದಿಸಿದ ಗುಡಿಸಲುಗಳಲ್ಲಿ ಸಂಸಾರಗಳು ತಿಂಗಳುಗಟ್ಟಲೆ ಕಾಲ ಹಾಕುತ್ತಿದ್ದುವು.

ಪ್ಲೇಗು ಇಲಿಯ ಬೇನೆಯೆಂಬುದೂ, ಅದನ್ನು ಮನುಷ್ಯನಿಗೆ ತಂದು ಮುಟ್ಟಿಸುವುದು ಚಿಗಟವೆಂಬುದೂ ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಎರಡು ಮೂರು ಮಿಲಿಮೀಟರಿಗಿಂತ ಉದ್ದವಿಲ್ಲದ ಆ ಕೀಟದ ಒಡಲಿನಲ್ಲಿ ರೋಗಾಣುವಿದೆಯೋ ಇಲ್ಲವೋ, ಇದ್ದರೆ ಎಷ್ಟಿದೆ, ಅಷ್ಟು ಇದ್ದ ಮಾತ್ರಕ್ಕೆ ಅದು ಮಾರಕವೇ ಎಂಬುದನ್ನು ಅಳೆದು ನೋಡಿದ ಬಗೆ ಎಂತಹದು ಎಂಬುದು ಪ್ರಯೋಗಶಾಲೆಯ ಗೋಡೆಗಳಾಚೆಗೆ ಅಷ್ಟಾಗಿ ಬಂದಿಲ್ಲ. ರೋಗಾಣುವನ್ನು ಕಂಡುಹಿಡಿದುದಕ್ಕಿಂತ ಅದನ್ನು ಎಣಿಸಲು ಕಲಿತುದೇ ಪ್ಲೇಗಿನ ಶಾಸ್ತ್ರದಲ್ಲಿ ದೊಡ್ಡ ಹೆಜ್ಜೆಯೆಂದು ನನ್ನ ಭಾವನೆ.

ಊರು ಬಿಟ್ಟ ಊರವರು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಡಾ. ಅಕಾಸಿಯೊ ವಿಯೇಗಾಸ್ ಅವರು ಗುರುತಿಸಿದ ಬೇನೆಯು, ಧಾನ್ಯದ ಮೂಟೆಗಳನ್ನೂ ಭಯಗ್ರಸ್ತರಾಗಿ ಊರಿಗೆ ಮರಳುತ್ತಿದ್ದ ಕೂಲಿಕಾರರನ್ನೂ ಹೊತ್ತ ರೈಲುಗಳ ಸಂಗಡ ಪುಣೆ, ಮಿರಜಗಳ ಮಾರ್ಗವಾಗಿ ದಕ್ಷಿಣಕ್ಕಿಳಿದು, ಮುಂದಿನ ಒಂದೆರಡು ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ವ್ಯಾಪಿಸಿತು. ಆಗ ಅಥಣಿ, ಚಿಕ್ಕೋಡಿಗಳು ಬ್ರಿಟಿಷ್ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳಾಗಿದ್ದರೆ ರಾಯಬಾಗವು ಶಾಹೂ ಮಹಾರಾಜರ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆಳುವವರು ಬೇರೆಯಾದರೂ ಬೇನೆಗೆ ದಾರಿ ಮಾತ್ರ ಒಂದೇ ಇತ್ತು.

1897ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆಯು ರೈಲುಪ್ರಯಾಣಿಕರನ್ನು ತಪಾಸಿಸುವ, ಸೋಂಕಿನ ಶಂಕೆಯುಳ್ಳವರನ್ನು ಪ್ರತ್ಯೇಕವಾಗಿರಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಮನೆ ಹೊಕ್ಕು ಶೋಧಿಸುವ ಸಿಪಾಯಿಗಳ ದೌರ್ಜನ್ಯದಿಂದ ರೊಚ್ಚಿಗೆದ್ದ ಪುಣೆಯಲ್ಲಿ ಅದೇ ವರ್ಷದ ಜೂನಿನಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿದುದು ಇತಿಹಾಸಪ್ರಸಿದ್ಧ. ಹಾಫ್‌ಕಿನ್ ಅವರು ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಸಹಸ್ರಾರು ಜನರಿಗೆ ಡಾ. ಲ್ಯೂಮನ್ ಎಂಬವರ ಮುಂದಾಳ್ತನದಲ್ಲಿ ಹಾಕಿದುದು ಅಂದಿನ ವೈದ್ಯಲೋಕದಲ್ಲಿ ದೊಡ್ಡ ಸುದ್ದಿಯಾಗಿತ್ತು.

ಇಷ್ಟೆಲ್ಲ ನಡೆಯುತ್ತಿದ್ದಾಗಲೂ ಬೇನೆ ಮನುಷ್ಯನ ಮೈಯನ್ನು ಹೊಗುವುದು ಎಲ್ಲಿಂದ ಎಂಬುದು ಇತ್ಯರ್ಥವಾಗಿರಲಿಲ್ಲ. ನೆಲದ ಮಣ್ಣು, ಹೊಲಸು, ಗಾಳಿ, ಬರಿಗಾಲು, ಬಟ್ಟೆಬರೆ ಎಲ್ಲವೂ ಸಂಶಯಕ್ಕೆ ಪಾತ್ರವಾಗಿದ್ದುವು. ಕಾರ್ಬಾಲಿಕ್ ಆಮ್ಲದಿಂದ ಮನೆಗಳನ್ನು ತೊಳೆಯುತ್ತಿದ್ದವರು ಆ ಮನೆಯಲ್ಲಿ ಕುಪ್ಪಳಿಸುತ್ತಿದ್ದ ಚಿಗಟವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಂಶಯದಿಂದ ಸಾಕ್ಷ್ಯದ ಕಡೆಗೆ

ರೋಗಾಣುವನ್ನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಅವರು ಕಂಡಿದ್ದರು. ಮೂರು ವರ್ಷಗಳ ತರುವಾಯ ತೈವಾನಿನಲ್ಲಿ ಜಪಾನಿನ ಮಸಾನೊರಿ ಒಗಾತಾ ಅವರು, ಪ್ಲೇಗಿನಿಂದ ಸತ್ತ ಇಲಿಗಳ ಮೈಮೇಲಿನ ಚಿಗಟಗಳನ್ನು ಹಿಡಿದು ಅರೆದು, ಆ ರಸವನ್ನು ಸುಂಡಿಲಿಗೆ ಚುಚ್ಚಿ, ಅದು ಪ್ಲೇಗಿನಿಂದಲೇ ಸಾಯುವುದನ್ನು ತೋರಿಸಿದರು. ಕೀಟದೊಳಗಿನ ಪ್ಲೇಗುರೋಗಾಣುವಿಗೆ ಪ್ರಯೋಗಶಾಲೆಯು ಒಡ್ಡಿದ ಮೊದಲ ಪರೀಕ್ಷೆ ಅದೇ ಎನ್ನಬಹುದು. ಚಿಗಟದಲ್ಲಿ ಜೀವಂತ ರೋಗಾಣುವಿದೆಯೆಂಬುದು ಇದರಿಂದ ಸ್ಥಿರಪಟ್ಟಿತಾದರೂ, ಕಚ್ಚುವುದರಿಂದ ಅದು ದಾಟುತ್ತದೆಂಬುದು ಸಿದ್ಧವಾಗಲಿಲ್ಲ.

ಆ ಕೊರತೆಯನ್ನು ತುಂಬಿದವರು ಫ್ರಾನ್ಸಿನ ಪಾಲ್ ಲೂಯಿ ಸಿಮೊಂಡ್ ಅವರು. 1898ರ ಜೂನ್ 2ರಂದು ಕರಾಚಿಯ ಹೋಟೆಲೊಂದರಲ್ಲಿ, ಚಿಗಟ ಹತ್ತಿದ ರೋಗಪೀಡಿತ ಇಲಿಯನ್ನು ದೊಡ್ಡ ಗಾಜಿನ ಜಾಡಿಯಲ್ಲಿರಿಸಿ, ಅದು ಸಾಯುವ ಹೊತ್ತಿಗೆ ಆರೋಗ್ಯವಂತ ಇಲಿಯೊಂದನ್ನು ಜಾಲರಿಯ ಗೂಡಿನಲ್ಲಿಟ್ಟು ಅದೇ ಜಾಡಿಯೊಳಗೆ ಇಳಿಬಿಟ್ಟರು. ಇಲಿಗಳೆರಡೂ ಒಂದನ್ನೊಂದು ಮುಟ್ಟುವಂತಿರಲಿಲ್ಲ. ಚಿಗಟ ಮಾತ್ರ ನೆಗೆಯಬಲ್ಲುದಾಗಿತ್ತು. ಎರಡನೆಯ ಇಲಿ ಕೆಲವೇ ದಿನಗಳಲ್ಲಿ ಪ್ಲೇಗಿನಿಂದ ಸತ್ತಿತು. ಇಷ್ಟು ಸ್ಪಷ್ಟವಾದ ಪ್ರಯೋಗವನ್ನು ಅಂದಿನ ಪಂಡಿತರು ನಂಬದೆಹೋದುದು ವಿಜ್ಞಾನದ ಚರಿತ್ರೆಗೆ ಭೂಷಣವಲ್ಲ.

ಮುಂಬಯಿಯ ಪರೇಲಿನಲ್ಲಿ 1899ರಲ್ಲಿ ಸ್ಥಾಪಿತವಾಗಿ ಈಗ ಹಾಫ್‌ಕಿನ್ ಸಂಸ್ಥೆಯೆನಿಸಿರುವ ಪ್ಲೇಗು ಪ್ರಯೋಗಶಾಲೆಯ ಗ್ಲೆನ್ ಲಿಸ್ಟನ್ ಅವರು ಲೆಕ್ಕದ ಮಾರ್ಗವನ್ನೇ ಹಿಡಿದರು. ಬೇನೆಯಿಲ್ಲದ ವೇಳೆಯಲ್ಲಿ ಮನುಷ್ಯರ ಮೈಮೇಲಿಂದ ಹಿಡಿದ 246 ಚಿಗಟಗಳಲ್ಲಿ ಇಲಿಯ ಚಿಗಟ ಒಂದೇ ಒಂದಿತ್ತು. ಇಲಿ ಬಿದ್ದ ಮನೆಯವರ ಮೈಮೇಲಿನ 30ರಲ್ಲಿ 14 ಇಲಿಯ ಚಿಗಟಗಳಾಗಿದ್ದುವು. ಒಡೆಯ ಸತ್ತ ಮೇಲೆ ಹಸಿದ ಚಿಗಟ ಮನುಷ್ಯನ ಮೇಲೇರುತ್ತದೆಂಬುದಕ್ಕೆ ಇದಕ್ಕಿಂತ ಸರಳವಾದ ಪ್ರಮಾಣ ಬೇಕಿಲ್ಲ.

1905ರಿಂದ ಅದೇ ಪರೇಲಿನಲ್ಲಿ ಕಾರ್ಯಾರಂಭ ಮಾಡಿದ ಪ್ಲೇಗು ಸಂಶೋಧನ ಆಯೋಗವು ಗಿನಿಹಂದಿಗಳನ್ನು ಪಂಜರಗಳಲ್ಲಿಟ್ಟು ಸೋಂಕಿನ ಕೋಣೆಗಳಲ್ಲಿ ತೂಗುಹಾಕಿತು. ನೆಲದಿಂದ ಎರಡಂಗುಲ ಮೇಲಿದ್ದವು ರೋಗಕ್ಕೀಡಾದುವು. ಎರಡಡಿ ಮೇಲಿದ್ದವು ಉಳಿದುವು. ನಾಲ್ಕಂಗುಲದ ಸುಮಾರಿಗೆ ನೆಗೆಯುವ ಕೀಟಕ್ಕೆ ಎರಡಡಿ ಎಟುಕಲಿಲ್ಲ. ಎರಡಂಗುಲಕ್ಕೂ ಎರಡಡಿಗೂ ಭೇದವೆಣಿಸದ ಗಾಳಿ ನಿರ್ದೋಷಿಯೆನಿಸಿತು. ಬೆಳಗಾವಿಯ ಇಲಿಗಳ ಮತ್ತು ಮನುಷ್ಯರ ಪ್ಲೇಗನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೂ ಈ ಸಂಶೋಧನಮಾಲೆಯ ಅಂಗವಾಗಿ 1910ರಲ್ಲಿ ‘ಜರ್ನಲ್ ಆಫ್ ಹೈಜೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಊರು ಬಿಟ್ಟು ಹೊಲ ಸೇರಿದ ನಮ್ಮ ಹಿರಿಯರು ತಮಗರಿಯದೆಯೇ ಚಿಗಟವನ್ನು ಮಾಳಿಗೆಯ ಮನೆಯಲ್ಲಿ ಉಪವಾಸ ಕೆಡವಿ ಹೋಗಿದ್ದರು.

ಮುಂಜಠರದ ತಡೆ

ಆಯೋಗದವರು ಇಲಿಚಿಗಟದ ಜಠರದ ಗಾತ್ರವನ್ನೂ ಅಳೆದರು: ಸುಮಾರು ಅರ್ಧ ಘನ ಮಿಲಿಮೀಟರು. ಸಾಯುವ ಇಲಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದು ಕೋಟಿ ರೋಗಾಣುಗಳಿದ್ದರೆ, ಚಿಗಟ ಒಂದು ಸಲ ಹೊಟ್ಟೆ ತುಂಬ ಹೀರಿದಾಗ ಐದು ಸಾವಿರ ರೋಗಾಣುಗಳು ಒಳಗೆ ಹೋದಂತಾಯಿತು. ಆದರೆ ಹೀರಿದ ರಕ್ತ ಹೊಟ್ಟೆಗಿಳಿದ ಬಳಿಕ, ಮುಂದಿನ ಕಡಿತದಲ್ಲಿ ಅದೇ ರೋಗಾಣು ಹಿಂದಿರುಗಿ ಬಾಯಿಗೆ ಬರುವ ಬಗೆ ಹೇಗೆ?

ಇದಕ್ಕೆ ಉತ್ತರ ದೊರೆತದ್ದು 1914ರಲ್ಲಿ, ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ. ಉತ್ತರ ಕಂಡವರಲ್ಲಿ ಒಬ್ಬರಾದ ಆರ್ಥರ್ ಬೇಕಟ್ ಅವರು ಬಹುಕಾಲ ಕಚೇರಿಯ ಗುಮಾಸ್ತರಾಗಿದ್ದು ಬಿಡುವಿನ ವೇಳೆಯಲ್ಲಿ ಕೀಟಗಳನ್ನು ಅಭ್ಯಸಿಸಿದವರು. ಮುಂದೆ 1922ರಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರವನ್ನು ಅಭ್ಯಸಿಸುತ್ತಿದ್ದಾಗ ಕೈರೊ ನಗರದಲ್ಲಿ ಆ ಜ್ವರಕ್ಕೇ ಬಲಿಯಾದರು. ಅವರೂ ಚಾರ್ಲ್ಸ್ ಮಾರ್ಟಿನ್ ಅವರೂ ಕಂಡುದೇನೆಂದರೆ, ಚಿಗಟದ ಜಠರಕ್ಕೆ ಮುನ್ನ ಮುಳ್ಳುಗಳಿಂದ ಕೂಡಿದ ಕವಾಟದಂತಹ ಮುಂಜಠರವೊಂದಿದೆ. ಅಲ್ಲಿ ಪ್ಲೇಗುರೋಗಾಣುಗಳು ಅಂಟಾದ ಮುದ್ದೆಯಾಗಿ ಬೆಳೆದು ದಾರಿಯನ್ನೇ ಮುಚ್ಚಿಬಿಡುತ್ತವೆ. ಹೀರಿದ ರಕ್ತ ಒಳಗಿಳಿಯದೆ, ಮುದ್ದೆಯ ತುಣುಕುಗಳನ್ನೂ ಕೂಡಿಕೊಂಡು, ಕಚ್ಚಿದ ಗಾಯಕ್ಕೆ ಮರಳಿ ಹರಿಯುತ್ತದೆ. ಹೊಟ್ಟೆ ತುಂಬದ ಚಿಗಟ ಹಸಿವಿನಿಂದ ಮತ್ತೆ ಮತ್ತೆ ಕಚ್ಚುತ್ತದೆ; ತಾನೂ ಸಾಯುತ್ತದೆ.

ಈ ತಡೆಯುಂಟಾದ ಚಿಗಟವೊಂದರಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ರೋಗಾಣುಗಳಿರುವುದು ವಾಡಿಕೆ. ಶಾಖ ಮೂವತ್ತು ಡಿಗ್ರಿಯ ಸಮೀಪಕ್ಕೆ ಏರಿದರೆ ಮುದ್ದೆ ಸರಿಯಾಗಿ ಕಟ್ಟುವುದಿಲ್ಲ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಕೃಷ್ಣಾತೀರದ ಪ್ಲೇಗು ತಾನಾಗಿ ಅಡಗುತ್ತಿದ್ದುದಕ್ಕೆ ಇದೂ ಒಂದು ಕಾರಣವಾಗಿದ್ದೀತು. ಅಮೆರಿಕದ ಮೊಂಟಾನಾ ಸಂಸ್ಥಾನದ ರಾಕಿ ಮೌಂಟನ್ ಪ್ರಯೋಗಶಾಲೆಯವರು ಈ ಅಂಟಿಗೆ ಕಾರಣವಾದ ವಂಶವಾಹಿಗಳನ್ನು 1996ರಲ್ಲಿ ಗುರುತಿಸಿದರು. ಹಾಗೆಂದು ಬೇಕಟ್ ಅವರ ಸಿದ್ಧಾಂತವೇ ಕೊನೆಯ ಮಾತೆನ್ನುವಂತಿಲ್ಲ. ತಡೆ ಕಟ್ಟುವ ಮುನ್ನವೇ, ಸೋಂಕು ತಗಲಿದ ಒಂದೆರಡು ದಿನಗಳಲ್ಲಿಯೇ, ಕೆಲವು ಚಿಗಟಗಳು ರೋಗವನ್ನು ದಾಟಿಸಬಲ್ಲುವೆಂದು ಈ ಶತಮಾನದ ಪ್ರಯೋಗಗಳು ತೋರಿಸಿವೆ.

ಬೋನಿನಿಂದ ಬಿಳಿಯ ತಟ್ಟೆಗೆ

ಅಳತೆಯ ಕೆಲಸ ಸೂಕ್ಷ್ಮದರ್ಶಕದ ಮುಂದೆ ಅಲ್ಲ, ಊರಿನ ಕೇರಿಯಲ್ಲಿ, ಕಿರಾಣಿ ಅಂಗಡಿಯ ಹಿಂಬದಿಯಲ್ಲಿ, ಗೋದಾಮಿನ ಮೂಲೆಯಲ್ಲಿ ಆರಂಭವಾಗುತ್ತದೆ. ಸಂಜೆ ಒಡ್ಡಿದ ಬೋನನ್ನು ಬೆಳಗ್ಗೆ ಎತ್ತಿ, ಬಿದ್ದ ಇಲಿಯನ್ನು ಬೋನಿನ ಸಮೇತ ಬಟ್ಟೆಯ ಚೀಲದಲ್ಲಿ ಕಟ್ಟಿ, ಸ್ಥಳ ಮತ್ತು ದಿನಾಂಕದ ಚೀಟಿಯನ್ನು ಅಂಟಿಸುತ್ತಾರೆ. ಚೀಲದ ಬಾಯಿ ಸಡಿಲವಾಯಿತೆಂದರೆ ಲೆಕ್ಕ ಕೆಟ್ಟಿತು. ಲೆಕ್ಕ ಕೆಡುವುದಕ್ಕಿಂತ ಮೊದಲು ಹೊತ್ತವನ ಮೈಗೆ ಅಪಾಯ.

ಇಲಿಗೆ ಪ್ರಜ್ಞೆ ತಪ್ಪಿಸಿ, ಬಿಳಿಯ ಎನಾಮೆಲ್ ತಟ್ಟೆಯ ಮೇಲೆ ಅದರ ರೋಮವನ್ನು ಬ್ರಷ್ಷಿನಿಂದ ಎದುರು ದಿಕ್ಕಿಗೆ ಬಾಚಿದರೆ ಚಿಗಟಗಳು ಉದುರುತ್ತವೆ. ಒಟ್ಟು ಚಿಗಟಗಳನ್ನು ಒಟ್ಟು ಇಲಿಗಳಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಚಿಗಟ ಸೂಚ್ಯಂಕವೆಂದು ಹೆಸರು. ಪ್ಲೇಗನ್ನು ಹರಡುವುದರಲ್ಲಿ ಅಗ್ರಗಣ್ಯವಾದ ‘ಕ್ಸೆನೊಪ್ಸಿಲ್ಲಾ ಚಿಯೋಪಿಸ್’ ಎಂಬ ಜಾತಿಯ ಸೂಚ್ಯಂಕವು ಒಂದನ್ನು ಮೀರಿದರೆ ಆ ಊರು ಎಚ್ಚರದಿಂದಿರಬೇಕೆಂದು ಆರೋಗ್ಯಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ಜಾತಿಯ ಗುರುತು ಏಕೆ ಬೇಕೆಂಬುದಕ್ಕೆ ಮದರಾಸು ಉದಾಹರಣೆ. ಮುಂಬಯಿ ಕರ್ನಾಟಕವನ್ನು ಪ್ಲೇಗು ವರ್ಷವರ್ಷವೂ ಕಾಡಿದಂತೆ ಮದರಾಸು ನಗರವನ್ನು ಕಾಡಲಿಲ್ಲ. ಅಲ್ಲಿಯ ಇಲಿಗಳ ಮೈಮೇಲೆ ಹೆಚ್ಚಾಗಿದ್ದುದು ಚಿಯೋಪಿಸ್ ಅಲ್ಲ, ರೋಗವನ್ನು ದಾಟಿಸುವುದರಲ್ಲಿ ದುರ್ಬಲವಾದ ಅದರ ದಾಯಾದಿ ‘ಆಸ್ಟಿಯಾ’. ಇವೆರಡನ್ನೂ ಬರಿಗಣ್ಣು ಬೇರ್ಪಡಿಸಲಾರದು. ಸೂಕ್ಷ್ಮದರ್ಶಕದಡಿ ಹೆಣ್ಣುಚಿಗಟದ ವೀರ್ಯಕೋಶದ ಆಕಾರವನ್ನು ನೋಡಿಯೇ ನಿರ್ಣಯಿಸಬೇಕು. ಕೊಲಂಬೊದಲ್ಲಿದ್ದ ಫೇಬಿಯನ್ ಹರ್ಸ್ಟ್ ಅವರು ಈ ಭೇದದ ಮಹತ್ತ್ವವನ್ನು ಎತ್ತಿ ತೋರಿಸಿದವರು.

ಜೀವಂತವಾದುದನ್ನು ಎಣಿಸುವ ಬಗೆ

ಗುರುತು ಮುಗಿದ ಚಿಗಟದ ಹೊರಮೈಯನ್ನು ಮದ್ಯಸಾರದಿಂದಲೂ ನಿರ್ಜಂತುಕ ಲವಣಜಲದಿಂದಲೂ ತೊಳೆದು, ಅಂಟಿಕೊಂಡಿರಬಹುದಾದ ಇತರ ಜಂತುಗಳನ್ನು ಕಳೆಯುತ್ತಾರೆ. ಬಳಿಕ ಅದನ್ನು ಒಂದು ಮಿಲಿಲೀಟರ್ ಲವಣಜಲದಲ್ಲಿ ಅರೆಯುತ್ತಾರೆ. ಆ ರಸದ ಒಂದು ಹನಿಗೆ ಬಣ್ಣವೇರಿಸಿ ನೋಡಿದರೆ, ಎರಡು ತುದಿಗಳಲ್ಲಿ ಮಾತ್ರ ಗಾಢವಾಗಿ ಬಣ್ಣ ಹಿಡಿದ ಗಿಡ್ಡ ಕಡ್ಡಿಗಳು ಕಂಡಾವು. ಇದು ಶಂಕೆಗೆ ಸಾಕು, ನಿರ್ಣಯಕ್ಕೆ ಸಾಲದು. ಇತರ ಕೆಲವು ಜಂತುಗಳೂ ಹಾಗೆಯೇ ಕಾಣುತ್ತವೆ.

ಎಣಿಕೆಗೆ ಬಳಸುವ ಪ್ರಾಚೀನವೂ ಇಂದಿಗೂ ನಂಬಿಕೆಗೆ ಯೋಗ್ಯವೂ ಆದ ಉಪಾಯ ದುರ್ಬಲೀಕರಣ. ಹಗೇವಿನ ಜೋಳವನ್ನೆಲ್ಲ ಎಣಿಸಲಾರದವನು ಒಂದು ಚಟಾಕಿನಲ್ಲಿ ಎಷ್ಟು ಕಾಳುಗಳೆಂದು ಎಣಿಸಿ ಗುಣಿಸುವಂತೆ, ಇಲ್ಲಿಯೂ ರಸದ ಒಂದು ಪಾಲನ್ನು ಒಂಬತ್ತು ಪಾಲು ಲವಣಜಲದಲ್ಲಿ ಬೆರೆಸುತ್ತಾರೆ, ಅದರಲ್ಲೊಂದು ಪಾಲನ್ನು ಮತ್ತೆ ಒಂಬತ್ತರಲ್ಲಿ, ಇನ್ನೊಮ್ಮೆ ಹಾಗೆಯೇ. ಮೂರನೆಯ ಸಲದ ದ್ರಾವಣ ಸಾವಿರದ ಒಂದಂಶದಷ್ಟು ತೆಳುವಾಗಿರುತ್ತದೆ. ಅದರ ಮಿಲಿಲೀಟರಿನ ಹತ್ತನೆಯ ಒಂದು ಭಾಗವನ್ನು ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಸವರಿ, 28 ಡಿಗ್ರಿ ಶಾಖದಲ್ಲಿ ಎರಡು ದಿನ ಇರಿಸಿದರೆ, ಒಂದೊಂದು ಜೀವಂತ ರೋಗಾಣುವಿನಿಂದ ಒಂದೊಂದು ಚುಕ್ಕೆ ಬೆಳೆಯುತ್ತದೆ. ನಲವತ್ತು ಚುಕ್ಕೆಗಳು ಕಂಡರೆ, ಹತ್ತರಿಂದಲೂ ಸಾವಿರದಿಂದಲೂ ಗುಣಿಸಬೇಕು: ಆ ಒಂದು ಚಿಗಟದಲ್ಲಿ ಸುಮಾರು ನಾಲ್ಕು ಲಕ್ಷ ಜೀವಂತ ರೋಗಾಣುಗಳು.

ಪ್ಲೇಗುರೋಗಾಣು ನಿಧಾನವಾಗಿ ಬೆಳೆಯುವುದರಿಂದ, ಚಿಗಟದ ಕರುಳಿನ ಬೇರೆ ಜಂತುಗಳು ತಟ್ಟೆಯನ್ನು ಮೊದಲೇ ಆವರಿಸಿಬಿಡುವ ತೊಂದರೆಯೊಂದುಂಟು. ಅವುಗಳನ್ನು ಅಡಗಿಸುವ ಔಷಧಿಗಳನ್ನು ಬೆರೆಸಿದ ತಟ್ಟೆಗಳನ್ನು ಈಗ ಬಳಸುತ್ತಾರೆ. ಹಿಂದೆ ಆ ಕೆಲಸವನ್ನು ಪ್ರಯೋಗದ ಇಲಿಯೇ ಮಾಡುತ್ತಿತ್ತು: ಕಲಬೆರಕೆ ರಸವನ್ನು ಚುಚ್ಚಿದರೆ ಇತರ ಜಂತುಗಳು ಅದರ ಮೈಯಲ್ಲಿ ನಶಿಸಿ ಪ್ಲೇಗಿನದು ಮಾತ್ರ ಉಳಿದು ಬೆಳೆಯುತ್ತಿತ್ತು. ಬೆಳೆದುದು ಪ್ಲೇಗಿನದೇ ಎಂಬುದನ್ನು, ಆ ರೋಗಾಣುವನ್ನೇ ತಿಂದು ಕರಗಿಸುವ ವಿಶಿಷ್ಟ ವೈರಾಣುವೊಂದನ್ನು ಸವರಿ ಖಚಿತಪಡಿಸುತ್ತಾರೆ. ಇದೆಲ್ಲವೂ ಗಾಳಿ ಹೊರಹೋಗದಂತೆ ಕಟ್ಟಿದ, ತರಬೇತಿ ಪಡೆದವರಷ್ಟೇ ಹೊಗಬಹುದಾದ ಕೊಠಡಿಗಳಲ್ಲಿ ನಡೆಯತಕ್ಕ ಕೆಲಸ; ಆದುದರಿಂದಲೇ ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಿಂದಲೂ ಇದನ್ನು ನಿರೀಕ್ಷಿಸಲಾಗದು.

ಇಮ್ಮಡಿಯ ಗಣಿತ

ಕಳೆದ ಮೂರು ದಶಕಗಳಲ್ಲಿ ಪಿಸಿಆರ್ ಎಂಬ ವಿಧಾನ ಈ ಕ್ಷೇತ್ರವನ್ನು ಪ್ರವೇಶಿಸಿದೆ. ಕೋವಿಡ್ ಕಾಲದಿಂದ ಈ ಹೆಸರು ಹಳ್ಳಿಗರಿಗೂ ಪರಿಚಿತ. ರೋಗಾಣುವಿನ ಡಿಎನ್‌ಎಯಲ್ಲಿ ಅದಕ್ಕೆ ಮಾತ್ರ ವಿಶಿಷ್ಟವಾದ ತುಂಡೊಂದನ್ನು ಆರಿಸಿ, ಪ್ರತಿಯೊಂದು ಸುತ್ತಿನಲ್ಲಿಯೂ ಅದನ್ನು ಇಮ್ಮಡಿಗೊಳಿಸುತ್ತ ಹೋದರೆ, ಹತ್ತು ಸುತ್ತುಗಳಲ್ಲಿ ಒಂದು 1,024 ಆಗುತ್ತದೆ. ಯಂತ್ರದ ಕಣ್ಣಿಗೆ ಬೆಳಕು ಕಾಣುವಷ್ಟು ಪ್ರತಿಗಳಾಗಲು ಎಷ್ಟು ಸುತ್ತುಗಳು ಬೇಕಾದುವೆಂಬುದೇ ಇಲ್ಲಿಯ ಅಳತೆ. ಒಂದು ಚಿಗಟದ ರಸ ಇಪ್ಪತ್ತನೆಯ ಸುತ್ತಿನಲ್ಲಿಯೂ ಇನ್ನೊಂದರದು ಮೂವತ್ತನೆಯದರಲ್ಲಿಯೂ ಬೆಳಗಿದರೆ, ಮೊದಲನೆಯದರಲ್ಲಿ ಎರಡನೆಯದಕ್ಕಿಂತ ಸಾವಿರ ಪಟ್ಟು ಹೆಚ್ಚು ರೋಗಾಣುಗಳಿವೆಯೆಂದರ್ಥ. ಪ್ರಮಾಣ ಗೊತ್ತಿರುವ ದ್ರಾವಣಗಳನ್ನೂ ಜೊತೆಗೆ ಓಡಿಸಿದರೆ ನಿಜವಾದ ಸಂಖ್ಯೆಯೇ ಸಿಗುತ್ತದೆ.

ಎರಡು ದಿನದ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುವುದಾದರೂ ಈ ವಿಧಾನಕ್ಕೂ ದೋಷಗಳಿವೆ. ಚಿಗಟ ಹೀರಿದ ರಕ್ತದ ಕೆಂಪುದ್ರವ್ಯ ಇಮ್ಮಡಿಯ ಕ್ರಿಯೆಯನ್ನೇ ತಡೆದು, ಇದ್ದುದನ್ನು ಇಲ್ಲವೆನಿಸಬಲ್ಲುದು. ‘ಪ್ಲಾ’ ಎಂಬ ವಂಶವಾಹಿಯನ್ನು ಪ್ಲೇಗಿನ ಏಕಮಾತ್ರ ಗುರುತೆಂದು ವರ್ಷಗಟ್ಟಲೆ ನಂಬಿದ್ದರು. ಇಲಿಗಳಲ್ಲಿರುವ ಬೇರೆ ಜಂತುಗಳಲ್ಲಿಯೂ ಅದರಂತಹುದೇ ತುಂಡು ಕಾಣಿಸಿಕೊಂಡ ಮೇಲೆ, ಎರಡನೆಯ ವಂಶವಾಹಿಯೊಂದನ್ನೂ ನೋಡದೆ ತೀರ್ಮಾನ ಕೊಡಬಾರದೆಂಬ ಎಚ್ಚರ ಮೂಡಿದೆ. ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ, ಸತ್ತ ರೋಗಾಣುವನ್ನೂ ಬದುಕಿರುವುದನ್ನೂ ಪಿಸಿಆರ್ ಒಂದೇ ಲೆಕ್ಕದಲ್ಲಿ ಸೇರಿಸುತ್ತದೆ. ಆದುದರಿಂದ ಶೀಘ್ರವಾದ ಸೂಚನೆಗೆ ಯಂತ್ರವೂ ಅಂತಿಮ ಸಾಕ್ಷಿಗೆ ಹಳೆಯ ಅಗರ್ ತಟ್ಟೆಯೂ ಎರಡೂ ಬೇಕಾಗುತ್ತವೆ.

ಸಾವಿರಾರು ಚಿಗಟಗಳನ್ನು ಒಂದೊಂದಾಗಿ ಅರೆಯುವುದು ಅಸಾಧ್ಯವಾದುದರಿಂದ, ಒಂದೇ ಊರಿನ ಒಂದೇ ಜಾತಿಯವನ್ನು ಹತ್ತು ಹತ್ತರ ಗುಂಪು ಮಾಡುವುದು ಪದ್ಧತಿ. ಐದು ನೂರು ಚಿಗಟಗಳ ಐವತ್ತು ಗುಂಪುಗಳಲ್ಲಿ ಎರಡರಲ್ಲಿ ರೋಗಾಣು ಸಿಕ್ಕಿತೆಂದಿಟ್ಟುಕೊಳ್ಳೋಣ. ಸೋಂಕಿನ ಕನಿಷ್ಠ ದರ ಸಾವಿರಕ್ಕೆ ನಾಲ್ಕು. ಗುಂಪಿನಲ್ಲಿ ಒಂದಕ್ಕಿಂತ ಹೆಚ್ಚು ಚಿಗಟಗಳಿಗೆ ಸೋಂಕು ತಗಲಿರಬಹುದಾದುದರಿಂದ ಅದನ್ನು ‘ಕನಿಷ್ಠ’ ಎನ್ನುತ್ತಾರೆ. ಈ ಲೆಕ್ಕದಲ್ಲಿ ಊರಿನ ಸ್ಥಿತಿ ತಿಳಿಯುತ್ತದೆ, ಆದರೆ ತಡೆ ಕಟ್ಟಿದ ಆ ಒಂಟಿ ಚಿಗಟ ಕಣ್ಮರೆಯಾಗುತ್ತದೆ.

ಇಂದಿನ ಕಾವಲು

ಭಾರತದಲ್ಲಿ ಒಂದು ಕೋಟಿಗೂ ಮೀರಿದ ಜನರನ್ನು ಆಹುತಿ ತೆಗೆದುಕೊಂಡ ಪ್ಲೇಗು 1966ರಲ್ಲಿ ಕರ್ನಾಟಕದ ಕೋಲಾರ ಸೀಮೆಯಲ್ಲಿ ಕಾಣಿಸಿಕೊಂಡ ಮೇಲೆ ದೀರ್ಘಕಾಲ ಮನುಷ್ಯರಲ್ಲಿ ತಲೆದೋರಲಿಲ್ಲ. 1994ರಲ್ಲಿ ಅದು ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯ ಮಾಮಲಾ ಎಂಬ ಹಳ್ಳಿಯಲ್ಲಿ ಮರುಕಳಿಸಿತು. ಜನರು ಕಾಯಿಲೆ ಬೀಳುವ ಮುನ್ನ ಅಲ್ಲಿ ಇಲಿಗಳು ಬಿದ್ದಿದ್ದುವು, ಚಿಗಟಗಳ ಕಾಟ ಹೆಚ್ಚಿತ್ತು. ಅದೇ ವರ್ಷ ಸೂರತ್ತಿನಲ್ಲಿಯೂ, 2002ರಲ್ಲಿ ಶಿಮ್ಲಾ ಜಿಲ್ಲೆಯಲ್ಲಿಯೂ, 2004ರಲ್ಲಿ ಉತ್ತರಕಾಶಿಯಲ್ಲಿಯೂ ಅದು ಕಾಣಿಸಿಕೊಂಡಿತು. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ ಸೇರಿದ, ಬೆಂಗಳೂರಿನಲ್ಲಿರುವ ಪ್ಲೇಗು ಕಾವಲು ಘಟಕವು ಹಳೆಯ ಪ್ಲೇಗು ಸೀಮೆಗಳಲ್ಲಿ ಇಲಿಗಳನ್ನು ಹಿಡಿದು, ಚಿಗಟಗಳನ್ನು ಎಣಿಸಿ, ಇಲಿಗಳ ರಕ್ತದಲ್ಲಿ ಪ್ರತಿಕಾಯಗಳನ್ನು ಪರೀಕ್ಷಿಸುವ ಕಾರ್ಯಕ್ಕಾಗಿಯೇ ಇರುವ ಸಂಸ್ಥೆ.

ಈ ವಿದ್ಯೆಯ ಪ್ರಯೋಜನ ಪ್ಲೇಗಿಗಷ್ಟೇ ಸೀಮಿತವಲ್ಲ. ಅದೇ ಇಲಿಚಿಗಟ ಹರಡುವ ಟೈಫಸ್ ಜ್ವರಕ್ಕೂ, ಕರ್ನಾಟಕದಲ್ಲಿ ಈಗ ವೈದ್ಯರು ಮತ್ತೆ ಮತ್ತೆ ಕಾಣುತ್ತಿರುವ, ಪೊದೆಗಳಲ್ಲಿನ ನುಸಿಮರಿಗಳಿಂದ ತಗಲುವ ಸ್ಕ್ರಬ್ ಟೈಫಸ್ಸಿಗೂ ಬೋನು, ಬ್ರಷ್ಷು, ಗುಂಪು, ಪಿಸಿಆರ್ ಎಂಬ ಇದೇ ಕ್ರಮ ಅನ್ವಯಿಸುತ್ತದೆ.

ಎಷ್ಟೇ ನವೀನವಾದ ಯಂತ್ರವಾದರೂ ತನಗೆ ತಲಪಿಸಿದ ಚಿಗಟವನ್ನು ಮಾತ್ರ ಪರೀಕ್ಷಿಸಬಲ್ಲುದು. ತಲಪಿಸಬೇಕಾದರೆ ಊರಿನವರು ಸುಳಿವು ಕೊಡಬೇಕು. ಆದುದರಿಂದ ಕಬ್ಬಿನ ಗದ್ದೆಯ ಅಂಚಿನಲ್ಲೋ, ಕಾಳಿನ ಕೋಣೆಯಲ್ಲೋ, ಪಾಷಾಣವಿಡದಿದ್ದರೂ ಇಲಿಗಳು ಒಂದರ ಹಿಂದೊಂದು ಸತ್ತು ಬಿದ್ದುದು ಕಂಡರೆ, ಬರಿಗೈಯಿಂದ ಎತ್ತಿ ತಿಪ್ಪೆಗೆಸೆಯದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿರಿ. ಗಾಬರಿಯಿಂದ ಉಳಿದ ಇಲಿಗಳಿಗೆ ಪಾಷಾಣವಿಡಲೂ ಹೋಗಬೇಡಿರಿ. ಇಲಿ ಸತ್ತೊಡನೆ ಅದರ ಚಿಗಟಗಳು ಮನೆಯವರನ್ನು ಹುಡುಕಿಕೊಂಡು ಬರುವುವಾದುದರಿಂದ, ಮೊದಲು ಬಿಲಗಳಿಗೆ ಕೀಟನಾಶಕದ ಪುಡಿಯನ್ನು ಹಾಕಿಸಿ ಚಿಗಟಗಳನ್ನು ಕೊಲ್ಲಿಸಿದ ಬಳಿಕವೇ ಇಲಿಗಳ ತಂಟೆಗೆ ಹೋಗತಕ್ಕದ್ದು.